ಬಳುವಳಿ ಕಡಸು

ನಾನು ಒಂದು ಕಡಸು. ಇನ್ನೂ ಕರು ಹಾಕದ ಹೆಣ್ಣು ದನವನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಒಂದು ಕರು ಹಾಕಿದ ಕೂಡಲೇ ಹಸು ಎಂಬ ಬಡ್ತಿ ಸಿಗುತ್ತದೆ. ನನ್ನ ಹಲ್ಲು ಸವೆದಿವೆ, ಮಲಗಿದರೆ ಏಳಲು ಮಂಡಿ ಒಪ್ಪುವುದಿಲ್ಲ, ನನ್ನ ವಾರಿಗೆಯವರು ಮರಿಮಕ್ಕಳನ್ನು ಕಂಡು ಕಣ್ಣು ಮುಚ್ಚಿದ್ದಾರೆ. ನಾನು ಮಾತ್ರ ಈಗಲೂ ಕಡಸೇ. ನಗುವವರು ನಗಲಿ, ಮೊದಮೊದಲು ನನಗೂ ನಗು ಬರುತ್ತಿತ್ತು.

ನಾನು ಹುಟ್ಟಿದ್ದು ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ, ಹಲಗೇಗೌಡರ ಮನೆಯಲ್ಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆ ಬೇರೆ ಇರುವುದಿಲ್ಲ. ತಲೆಬಾಗಿಲು ದಾಟಿದರೆ ಒಂದು ಪಕ್ಕ ದನ, ಇನ್ನೊಂದು ಪಕ್ಕ ಜನ. ನಡುವೆ ಎದೆಮಟ್ಟದ ಗೋಡೆ. ನಾವು ಮೆಲುಕು ಹಾಕುವುದು ಅವರಿಗೆ ಕೇಳುತ್ತದೆ, ಅವರು ಜಗಳವಾಡುವುದು ನಮಗೆ ಕೇಳುತ್ತದೆ. ಆದ್ದರಿಂದ ನಾನು ಮುಂದೆ ಹೇಳುವುದೆಲ್ಲ ಯಾರೋ ಹೇಳಿದ ಕತೆಯಲ್ಲ, ಗೋಡೆಯ ಈಚೆ ನಿಂತು ಸ್ವಂತ ಕಿವಿಯಿಂದ ಕೇಳಿದ್ದು.

ಅಮ್ಮ ಕಂದು ಬಣ್ಣದ ಸೀಮೆಹಸು. ಮೊದಲು ಅಣ್ಣ ಹುಟ್ಟಿದ, ಅವನ ಬೆನ್ನಿಗೇ ನಾನು. ಹಸು ಅವಳಿ ಹಾಕುವುದು ಅಪರೂಪ, ಊರಿಗೆ ಊರೇ ನೋಡಲು ಬಂತು. ಹಲಗೇಗೌಡರಿಗೆ ಹಿಗ್ಗೋ ಹಿಗ್ಗು. ಏಕೆಂದರೆ ಅವರ ಮಕ್ಕಳೂ ಅವಳಿ. ಮಗ ಜಯರಾಮ, ಮಗಳು ಜಯಶೀಲ.

"ಗ್ವಾಡೆ ಆಚ್ಗೂ ಅವಳಿ, ಈಚ್ಗೂ ಅವಳಿ! ಇದಕ್ಕಿಂತ ಶುಭ ಇನ್ನೇನ್ ಬೇಕು?" ಎಂದು ಬಂದವರಿಗೆಲ್ಲ ಬೆಲ್ಲ ಹಂಚಿದರು.

ಆದರೆ ಗೋಡೆಯ ಆಚೆಗೂ ಈಚೆಗೂ ನ್ಯಾಯ ಬೇರೆ ಬೇರೆ. ಆಚೆ ಗಂಡು ಹುಟ್ಟಿದರೆ ಹಬ್ಬ, ಈಚೆ ಹೆಣ್ಣು ಹುಟ್ಟಿದರೆ ಹಬ್ಬ. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಸೀಮೆಹಸುವಿನ ಗಂಡುಕರು ಯಾರಿಗೂ ಬೇಡದ ನೆಂಟ. ನನ್ನ ಅಣ್ಣನನ್ನು ಕಣ್ಣು ಸರಿಯಾಗಿ ಬಿಡುವ ಮೊದಲೇ ಯಾರಿಗೋ ಕೊಟ್ಟು ಕಳಿಸಿದರು. ನನಗೆ ಹೊನ್ನಿ ಎಂದು ಹೆಸರಿಟ್ಟು, ಕೊರಳಿಗೆ ಗೆಜ್ಜೆ ಕಟ್ಟಿ, ಅಮ್ಮನ ಹಾಲನ್ನು ಡೇರಿಗೆ ಹಾಕುವ ಮೊದಲು ನನಗೊಂದು ಪಾಲು ಬಿಟ್ಟರು. ನಾನು ಕುಡಿದು ಕುಣಿದಾಡಿದೆ. ಅಣ್ಣನ ನೆನಪು ಆಗಾಗ ಬರುತ್ತಿತ್ತು, ಅಷ್ಟೆ.

ನಾನು ಕರುವಿನ ಹಗ್ಗದಿಂದ ದನದ ಹಗ್ಗಕ್ಕೆ ಬರುವ ಹೊತ್ತಿಗೆ ಜಯಶೀಲಳ ಮದುವೆ ಗೊತ್ತಾಯಿತು. ಹುಡುಗ ಪಾಂಡವಪುರದ ಕಡೆಯ ಚೆಲುವರಾಜು, ಕಬ್ಬಿನ ಗದ್ದೆ ಇದ್ದವನು. ಮಗಳ ಜೊತೆ ಒಂದು ಹಸುವನ್ನೋ ಕಡಸನ್ನೋ ಬಳುವಳಿಯಾಗಿ ಕಳಿಸುವುದು ಹಲಗೇಗೌಡರ ಮನೆತನದ ಪದ್ಧತಿ. ಹಟ್ಟಿಯಲ್ಲಿ ಕೈಗೆ ಬಂದ ಹಸುಗಳಿದ್ದರೂ ಗೌಡರು ನನ್ನನ್ನೇ ಆರಿಸಿದರು.

"ಅವಳಿ ಮಗಳಿಗೆ ಅವಳಿ ಕಡಸು ಕನಪ್ಪ. ಹೋದ ಮನೇಲಿ ಎಲ್ಲಾ ಜೋಡಿಜೋಡಿಯಾಗೇ ಆಗ್ಲಿ," ಎಂದು ನನ್ನ ಹಣೆಗೆ ಅರಿಶಿನ ಹಚ್ಚಿದರು. ಹೆತ್ತ ಕರುಳಿನ ಆಸೆಯಲ್ಲಿ ಕೆಟ್ಟದ್ದೇನಿರಲಿಲ್ಲ. ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಿಯೇನು.

ಹೊಸ ಮನೆಯಲ್ಲೂ ದನಕ್ಕೂ ಜನಕ್ಕೂ ನಡುವೆ ಅಂಥದೇ ಗೋಡೆ. ಯಜಮಾನಿಕೆ ಜಯಶೀಲಳ ಅತ್ತೆ ಜವರಮ್ಮನದು. ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗದ್ದೆ ಮಾಡಿಸಿ ಮಗನನ್ನು ಬೆಳೆಸಿದವಳು. ಅವಳ ಬಾಯಿ ಜೋರು, ಕೈ ಧಾರಾಳ. ಬಂದ ದಿನವೇ ನನಗೆ ಬೂಸಾ ಕಲಸಿಟ್ಟು ಬೆನ್ನು ತಟ್ಟಿ ಹೇಳಿದಳು:

"ಬಳುವಳಿ ಹಸದ ಮೊದಲ ಗಿಣ್ಣು ತಿಂದ ಸೊಸೆಗೆ ವರ್ಷ ತುಂಬೋದ್ರೊಳಗೆ ಮಡ್ಲು ತುಂಬ್ತದೆ ಕನವ್ವ. ನಮ್ಮತ್ತೆ ಮನೇಲಿ ನಂಗೂ ಹಂಗೇ ಆಗಿದ್ದು. ಬ್ಯಾಗ ಕರಾ ಹಾಕು."

ಕರು ಹಾಕಿದ ಹಸುವಿನ ಮೊದಲ ಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಕಾಸಿ ಗಿಣ್ಣು ಮಾಡುತ್ತಾರೆ. ಅದನ್ನು ತಿಂದರೆ ಬಸಿರಾಗುತ್ತದೆ ಎಂದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ, ಜವರಮ್ಮನ ಶಾಸ್ತ್ರದಲ್ಲಿತ್ತು. ಹೀಗೆ ಸೊಸೆಯ ಬಸಿರಿನ ಭಾರವನ್ನು ನನ್ನ ಬೆನ್ನಿಗೂ ಹೇರಿದಳು. ನಾನು ಸಂತೋಷದಿಂದಲೇ ಹೊತ್ತೆ. ಕರು ಹಾಕುವುದು ದನಕ್ಕೆ ಏನು ಮಹಾ ಕೆಲಸ ಎಂದುಕೊಂಡಿದ್ದೆ.

ನನ್ನ ಜೊತೆಯ ಕಡಸುಗಳು ಬೆದೆಗೆ ಬಂದು ಹಗ್ಗ ಕಿತ್ತುಕೊಂಡು ಕೂಗುತ್ತಿದ್ದವು. ನನಗೆ ಏನೂ ಅನಿಸುತ್ತಿರಲಿಲ್ಲ. ಅವು ಯಾಕೆ ಹಾಗೆ ಅರಚಾಡುತ್ತವೆ ಎಂದು ಮೆಲುಕು ನಿಲ್ಲಿಸಿ ನೋಡುತ್ತಿದ್ದೆ. ಅವುಗಳ ಹೊಟ್ಟೆ ದಪ್ಪವಾಯಿತು, ಕೆಚ್ಚಲು ಇಳಿಯಿತು, ಕರು ಬಂತು. ನನ್ನ ಕತ್ತು ಮಾತ್ರ ಹೋರಿಯ ಹಾಗೆ ದಪ್ಪವಾಯಿತು. ಮೊಳಕೆ ಕಟ್ಟಿದ ಹುರುಳಿ ತಿನ್ನಿಸಿದರು, ಬಿದಿರೆಲೆ ತಿನ್ನಿಸಿದರು. ರುಚಿಯಾಗಿಯೇ ಇತ್ತು, ಪ್ರಯೋಜನವಾಗಲಿಲ್ಲ.

ಗೋಡೆಯ ಆಚೆಯೂ ಅದೇ ಕತೆ. ಜಯಶೀಲ ಬಂದ ವರ್ಷವೇ ಮದುವೆಯಾಗಿ ಆ ಊರಿಗೆ ಬಂದ ಸೊಸೆಯರು ಒಬ್ಬೊಬ್ಬರಾಗಿ ತವರಿಗೆ ಬಾಣಂತನಕ್ಕೆ ಹೋದರು. ಇವಳು ಹೋಗಲಿಲ್ಲ. ಮೇಲುಕೋಟೆ ಬೆಟ್ಟ ಹತ್ತಿದಳು, ನಾಗರಕಲ್ಲು ಸುತ್ತಿದಳು, ಹರಕೆ ಕಟ್ಟಿದಳು. ಜವರಮ್ಮ ನಾಟಿ ವೈದ್ಯನೊಬ್ಬನನ್ನು ಮನೆಗೇ ಕರೆಸಿದಳು. ಆ ಮಹಾನುಭಾವ ನನ್ನನ್ನೂ ನೋಡಿದ, ಅವಳನ್ನೂ ನೋಡಿದ, ಇಬ್ಬರಿಗೂ ಒಂದೇ ಬೇರು ಅರೆದ. ನನಗೆ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹುಯ್ದರು, ಅವಳಿಗೆ ಸ್ಟೀಲು ಲೋಟದಲ್ಲಿ ಕೊಟ್ಟರು. ನಾನಾದರೆ ತಲೆ ಒದರಿ ಅರ್ಧ ಚೆಲ್ಲಿದೆ. ಅವಳು ಒಂದು ಹನಿಯನ್ನೂ ಉಳಿಸದೆ ಕುಡಿದಳು.

ಮನೆಯಲ್ಲಿ ಅವಳದು ಎನ್ನುವ ಜಾಗ ಇದ್ದರೆ ನನ್ನನ್ನು ಕಟ್ಟುವ ಗೊಂತಿನ ಪಕ್ಕದ್ದು. ಸಗಣಿ ಬಾಚುವ ನೆಪದಲ್ಲಿ ಬಂದು ನನ್ನ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ಕೂರುತ್ತಿದ್ದಳು.

"ನೀನಾದ್ರೂ ಒಂದು ಕರಾ ಹಾಕ್ಬಾರ್ದಾ ಹೊನ್ನಿ? ನಿನ್ನ ಗಿಣ್ಣು ತಿಂದು ನಂಗೇನೂ ಆಗ್ದಿದ್ರೂ ಚಿಂತಿಲ್ಲ. ಒಸಿ ದಿನ ಸುಮ್ಕೆ ಬುಡ್ತಾರಲ್ಲ," ಎನ್ನುತ್ತಿದ್ದಳು.

ಹುಲ್ಲು ಹಾಕಿದವರ ಋಣ ತೀರಿಸುವುದು ದನದ ಜಾತಿಗೆ ಗೊತ್ತು. ಸಗಣಿ ಕೇಳಿದ್ದರೆ ಕೊಡಬಹುದಿತ್ತು, ನೇಗಿಲು ಕೇಳಿದ್ದರೆ ಎಳೆಯಬಹುದಿತ್ತು. ಅವಳು ಕೇಳುತ್ತಿದ್ದುದು ಎಲ್ಲಿಂದ ಬರುತ್ತದೆ ಎಂಬುದೇ ನನಗೆ ತಿಳಿಯದು. ಅವಳ ಕೈ ನೆಕ್ಕುತ್ತಿದ್ದೆ. ಬೇರೇನು ಮಾಡಲಿ?

ಜವರಮ್ಮನ ಮಾತು ನಿಧಾನವಾಗಿ ಹುಳಿಯಾಯಿತು. ಮೊದಲು ಪಾತ್ರೆ ಕುಕ್ಕಿದಳು, ಆಮೇಲೆ ಬಾಯಿ ಬಿಟ್ಟೇ ಅಂದಳು: "ಬಂದಿದ್ದೂ ಗೊಡ್ಡು, ಹೊಡ್ಕಂಡ್ ಬಂದಿದ್ದೂ ಗೊಡ್ಡು." ಗೊಡ್ಡು ಎನ್ನುವುದು ದನಕ್ಕೆ ಹೇಳುವ ಮಾತು. ನನಗೆ ಅಂದರೆ ನಾನು ಸಹಿಸುತ್ತಿದ್ದೆ. ಅದನ್ನು ಅವಳಿಗೆ ಅಂದ ದಿನ ಜಯಶೀಲ ಊಟ ಬಿಟ್ಟಳು.

ಚೆಲುವರಾಜು ಕೆಟ್ಟವನೆಂದು ನಾನು ಹೇಳುವುದಿಲ್ಲ. ಸೋಮವಾರ ಸಂತೆಗೆ ಹೋದರೆ ಹೆಂಡತಿಗೆ ಹೂವು ತರುತ್ತಿದ್ದ. ಅಮ್ಮ ಬೈಯುವಾಗ ಎದ್ದು ಗದ್ದೆಗೆ ಹೋಗುತ್ತಿದ್ದ. ಜಯಶೀಲಳನ್ನು ಮೈಸೂರಿನ ಡಾಕ್ಟರ ಬಳಿಗೂ ಒಮ್ಮೆ ಕಳಿಸಿದ, ಅವಳ ಅಪ್ಪನ ಜೊತೆ. ಅವರು ರಕ್ತ ನೋಡಿದರು, ಸ್ಕ್ಯಾನಿಂಗ್ ಮಾಡಿದರು, ಎಲ್ಲ ಸರಿಯಾಗಿದೆ, ಮುಂದಿನ ಸಲ ಯಜಮಾನರನ್ನು ಕರೆದುಕೊಂಡು ಬನ್ನಿ ಎಂದರು. ಅದನ್ನು ಅವಳು ಬಂದು ಹೇಳಿದಾಗ ಚೆಲುವರಾಜು ನನ್ನ ಮುಂದೆ ಹುಲ್ಲು ಹಾಕುತ್ತಿದ್ದ.

"ನಂಗೇನಾಗದೆ? ಹೊಲ ಸರಿಯಿಲ್ದೆ ಹೋದ್ರೆ ಬಿತ್ತನೆ ಬೀಜನ ತಕಂಡೋಗಿ ಡಾಕ್ಟ್ರಿಗೆ ತೋರಿಸ್ತಾರಾ?" ಎಂದ.

ಅದರ ಹಿಂದಿನ ವರ್ಷ ಜೋಳದ ಬೀಜ ಮೊಳೆಯದಿದ್ದಾಗ ಅಂಗಡಿಯವನ ಕೊರಳಪಟ್ಟಿ ಹಿಡಿದು ಬಂದವನು ಇವನೇ. ಆಗ ಹೊಲದ ಮೇಲೆ ತಪ್ಪು ಹೊರಿಸಿರಲಿಲ್ಲ. ಆದರೆ ಹುಲ್ಲಿನ ಹೊರೆಯನ್ನು ಬಿಚ್ಚದೆ ಹಾಗೇ ನನ್ನ ಮುಂದೆ ಎಸೆದು, ಹೆಂಡತಿಯ ಮುಖ ನೋಡದೆ ಹೊರಟದ್ದನ್ನು ನಾನು ಕಂಡೆ. ಅವನಿಗೆ ಭಯವಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುತ್ತಾರಲ್ಲ, ಎತ್ತಿಗೂ ತನ್ನ ಜ್ವರ ಗೊತ್ತಿದ್ದರೆ ಏನು ಮಾಡುತ್ತದೆ? ಸುಮ್ಮನೆ ನಿಂತು ಬರೆ ಎಳೆಯುವುದನ್ನು ನೋಡುತ್ತದೆ.

ಈ ನಡುವೆ ಜವರಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದಿದ್ದಳು. ಚೆಲುವರಾಜು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ನೆಪ ಸಿಕ್ಕಿದರೆ ಜಯಶೀಲ ಆ ಮನೆಯಿಂದ ಹೊರಗೆ, ಸಿಗದಿದ್ದರೆ ಒಳಗೆ. ಅಂಥ ಹೊತ್ತಿನಲ್ಲಿ ನೆಪ ಸಿಕ್ಕಿದ್ದು ನನ್ನಿಂದ.

ನಮ್ಮ ಹೋಬಳಿಗೆ ಹೊಸದಾಗಿ ಒಬ್ಬ ದನದ ಡಾಕ್ಟರಮ್ಮ ಬಂದಿದ್ದರು. ಸ್ಕೂಟರಿನಲ್ಲಿ ಊರೂರು ತಿರುಗುವ ಚಿಕ್ಕ ವಯಸ್ಸಿನವರು. ನನಗೆ ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ಕಟ್ಟದೆ ಇದ್ದುದರಿಂದ ಜಯಶೀಲಳೇ ಹೋಗಿ ಕರೆತಂದಳು. ಡಾಕ್ಟರಮ್ಮ ಹೆಗಲಿನವರೆಗೆ ಕೈಗವಸು ಹಾಕಿಕೊಂಡು ನನ್ನ ಒಳಗನ್ನೆಲ್ಲ ತಡಕಿ ನೋಡಿದರು. ಆ ಅವಮಾನವನ್ನು ವಿವರಿಸುವುದು ಬೇಡ. ಆಮೇಲೆ ಕೈ ತೊಳೆದು, ನನ್ನ ದಪ್ಪ ಕತ್ತನ್ನು ನೋಡಿ, "ಇದು ಅವಳಿ ಕರುವಾ? ಜೊತೆಗೆ ಗಂಡು ಹುಟ್ಟಿತ್ತಾ?" ಎಂದರು.

"ಹೂಂ ಡಾಕ್ಟ್ರೇ," ಎಂದಳು ಜಯಶೀಲ.

"ಹಾಗಾದರೆ ಇದಕ್ಕೆ ಔಷಧಿ ಹಾಕಿ ಫಲ ಇಲ್ಲ. ಹೊಟ್ಟೆಯಲ್ಲಿರುವಾಗ ಎರಡೂ ಕರುವಿನ ರಕ್ತ ಬೆರೆತುಹೋಗುತ್ತೆ. ಗಂಡಿನದು ಬೆರೆತರೆ ಹೆಣ್ಣಿನ ಗರ್ಭಕೋಶ ಬೆಳೆಯೋದೇ ಇಲ್ಲ. ಇದಕ್ಕೆ ಹುಟ್ಟಿದಾಗಿನಿಂದಲೇ ಹೀಗೆ. ಪಾಪ, ಇದರದ್ದೇನೂ ತಪ್ಪಿಲ್ಲ."

ನನ್ನದೇನೂ ತಪ್ಪಿಲ್ಲ! ನನ್ನ ಜೀವಮಾನದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಬಾಲ ಬೀಸಬೇಕೆನ್ನುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಜವರಮ್ಮನ ಕೈ ನಿಂತಿತು. ಅವಳು ನನ್ನನ್ನು ನೋಡಿದಳು. ಆಮೇಲೆ ಜಯಶೀಲಳನ್ನು ನೋಡಿದಳು.

"ಗಂಡಿನ ಜೊತೆ ಹುಟ್ಟಿದ ಹೆಣ್ಣು," ಎಂದಳು ನಿಧಾನವಾಗಿ. "ಅಯ್ಯೋ ನನ್ನ ಶಿವನೇ, ಇವ್ಳೂ ಹಂಗೇ ಹುಟ್ಟಿರೋಳಲ್ವಾ!"

ಡಾಕ್ಟರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಛೆ ಛೆ, ಅಮ್ಮ, ಅದು ದನಗಳಿಗೆ ಮಾತ್ರ. ಮನುಷ್ಯರಲ್ಲಿ ಹಾಗಾಗೋದಿಲ್ಲ. ಅಣ್ಣತಮ್ಮಂದಿರ ಜೊತೆ ಅವಳಿಯಾಗಿ ಹುಟ್ಟಿದ ಎಷ್ಟೋ ಹೆಣ್ಣುಮಕ್ಕಳಿಗೆ ಮಕ್ಕಳಾಗಿವೆ."

"ದನಕ್ಕಾಗೋದು ಜನಕ್ಕೆ ಯಾಕಾಗಕಿಲ್ಲ? ರಕ್ತ ಯಾವ್ದಾದ್ರೂ ಕೆಂಪಗೇ ಅಲ್ವಾ?"

ಡಾಕ್ಟರಮ್ಮ ಮತ್ತೆ ಬಿಡಿಸಿ ಹೇಳಿದರು, ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋಗಿ ಎಂದು ಆಗಷ್ಟೇ ಗದ್ದೆಯಿಂದ ಬಂದ ಚೆಲುವರಾಜುವಿಗೂ ಹೇಳಿದರು. ಅಷ್ಟರಲ್ಲಿ ಪಕ್ಕದ ಊರಿನಿಂದ ಫೋನು ಬಂತು, ಹಸು ಈಯಲಾರದೆ ಒದ್ದಾಡುತ್ತಿದೆ ಎಂದು. ಸ್ಕೂಟರು ಹೊರಟುಹೋಯಿತು. ಅವರು ಹೇಳಿದ್ದರಲ್ಲಿ ಅರ್ಧ ಸ್ಕೂಟರಿನ ಹಿಂದೆಯೇ ಹೋಯಿತು, ಉಳಿದರ್ಧ ಮನೆಯಲ್ಲಿ ಉಳಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನಕ್ಕೆ ಅಷ್ಟು ಸಾಕು. ಸಂಜೆ ಡೇರಿಗೆ ಹಾಲು ಹಾಕಲು ಹೋದವರೆಲ್ಲ ಅದನ್ನೇ ಆಡಿಕೊಂಡರು. "ಡಾಕ್ಟ್ರೇ ಹೇಳವ್ರಂತೆ."

ಆ ವಾರವೇ ಊರಿನ ಹಿರಿಯರು, ನನ್ನನ್ನು ಕಟ್ಟಿದ್ದ ಅಂಗಳದ ಎದುರಿಗೇ, ಜಗಲಿಯಲ್ಲಿ ಕೂತರು. ಹಲಗೇಗೌಡರನ್ನು ಕರೆಸಿದರು. ಜವರಮ್ಮ ಅವರ ಮುಖಕ್ಕೇ ಹೇಳಿದಳು: "ಗೊತ್ತಿದ್ದೂ ಗೊತ್ತಿದ್ದೂ ಎರಡೂ ಗೊಡ್ಡ ನಮ್ಮನೆಗೆ ಕಟ್ಟಿದ್ರಿ. ಅವಳಿ ಮಗಳಿಗೆ ಅವಳಿ ಕಡಸು ಅಂತ ಊರಿಗೆಲ್ಲ ಸಾರ್ಕಂಡು ಬೇರೆ ಕೊಟ್ರಿ."

ಗೌಡರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆಗ ಜಯಶೀಲ ಬಾಗಿಲಿನಿಂದ ಈಚೆ ಬಂದಳು. ಹಿರಿಯರ ಮುಂದೆ ಸೊಸೆ ಮಾತಾಡುವ ರೂಢಿಯಿಲ್ಲ. ಅವಳು ಹಿರಿಯರ ಕಡೆ ತಿರುಗಲೂ ಇಲ್ಲ, ಗಂಡನ ಮುಂದೆ ಹೋಗಿ ನಿಂತಳು.

"ಒಂದೇ ಒಂದ್ಸಲ ನನ್ಜೊತೆ ಆಸ್ಪತ್ರೆಗೆ ಬನ್ನಿ. ತಪ್ಪು ನಂದೇ ಅಂದ್ರೆ ಯಾರೂ ಕಳಿಸ್ಬೇಕಾಗಿಲ್ಲ, ನಾನೇ ಗಂಟು ಕಟ್ಕಂಡು ಹೋಯ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ."

ಎಲ್ಲರೂ ಅವನನ್ನೇ ನೋಡಿದರು. ನಾನೂ ಮೆಲುಕು ನಿಲ್ಲಿಸಿ ನೋಡಿದೆ. ಚೆಲುವರಾಜುವಿನ ಕಣ್ಣಲ್ಲಿ ನೀರಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಉಗುರಿನಿಂದ ಜಗಲಿಯ ಗಾರೆ ಕೆರೆಯುತ್ತ ಕೂತ. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಹೆಣ್ಣಿನ ಜೊತೆ ಬಂದ ಬಳುವಳಿ ಹೆಣ್ಣಿನ ಜೊತೆಯೇ ಹೋಗಬೇಕು ಎಂದರು. ಹೀಗೆ ನಮ್ಮಿಬ್ಬರದೂ ಒಂದೇ ಮಾತಿನಲ್ಲಿ ತೀರ್ಮಾನವಾಯಿತು.

ಗೂಡ್ಸ್ ಆಟೋದ ಹಿಂದೆ ನಾನು, ನನ್ನ ಹಗ್ಗ ಹಿಡಿದು ಜಯಶೀಲ, ಪಕ್ಕದಲ್ಲಿ ಅವಳ ಟ್ರಂಕು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಮುಂದೆ ಕೂತಿದ್ದ ಗೌಡರು ಅತ್ತರು. ಮನೆ ಮುಟ್ಟಿ ನನ್ನನ್ನು ಇಳಿಸುವಾಗ ನನ್ನ ಹಣೆಗೆ ಹಣೆ ಹಚ್ಚಿ, "ನಿನ್ನ ಕೊಟ್ಟು ಮಗಳ ಬಾಳು ಕೆಡಿಸ್ದೆ ಕನವ್ವ. ಹಟ್ಟೀಲಿದ್ದ ಬೇರೆ ದನ ಕೊಟ್ಟಿದ್ರೆ ಆಗ್ತಿತ್ತು," ಎಂದರು. ಹೆತ್ತ ಅಪ್ಪನೂ ಅದನ್ನು ನಂಬಿದ್ದರು. ಆ ಕೊರಗಿನಲ್ಲೇ ಕೆಲವು ವರ್ಷಕ್ಕೆ ತೀರಿಕೊಂಡರು.

ಆ ಮನೆಯಲ್ಲಿ ಈಗ ಜಯರಾಮನ ಸಂಸಾರ. ಒಳ್ಳೆಯವನು, ಅಕ್ಕರೆಯವನು. ಅವನಿಗೆ ಒಂದರ ಹಿಂದೆ ಒಂದು ಮಕ್ಕಳಾದವು. ಹೆಸರಿಡುವ ದಿನ ಮಗುವನ್ನು ತೊಟ್ಟಿಲಿಗೆ ಹಾಕಲು ಸೋದರತ್ತೆಯನ್ನು ಕರೆಯಬೇಕು, ಕರೆಯಲಿಲ್ಲ. ಯಾರೂ ಬೇಡವೆಂದೂ ಹೇಳಲಿಲ್ಲ. ಅವಳೇ ತಿಳಿದುಕೊಂಡು ನನ್ನ ಬಳಿ ಬಂದು ಮೈ ತೊಳೆಯುತ್ತ ನಿಂತಳು. ಒಳಗೆ ಸೋಬಾನೆ ಹಾಡುತ್ತಿದ್ದರು.

"ಅವ್ವನ ಹೊಟ್ಟೇಲಿದ್ದಾಗ್ಲೇ ಎಲ್ಲಾನೂ ಅವನೇ ತಗಂಡ್ಬುಟ್ನಾ ಹೊನ್ನಿ?" ಎಂದು ಕೇಳಿದಳು.

ಮೈಸೂರಿನ ಡಾಕ್ಟರು ಹೇಳಿದ್ದು, ದನದ ಡಾಕ್ಟರಮ್ಮ ಹೇಳಿದ್ದು ಎಲ್ಲ ಅವಳಿಗೆ ಗೊತ್ತಿತ್ತು. ಆದರೆ ಊರೆಲ್ಲ ಒಂದೇ ಮಾತನ್ನು ವರ್ಷಾನುಗಟ್ಟಲೆ ಆಡಿದರೆ ಗೊತ್ತಿದ್ದದ್ದೂ ಸಡಿಲವಾಗುತ್ತದೆ. ಅಲ್ಲ ಕಣೇ ತಾಯಿ, ಅದು ನನ್ನ ಕತೆ, ನಿನ್ನದಲ್ಲ ಎಂದು ಹೇಳಲು ನನ್ನ ನಾಲಿಗೆ ಎಷ್ಟು ತಿರುಗಾಡಿತೋ! ಅಷ್ಟು ದೊಡ್ಡ ನಾಲಿಗೆ ಕೊಟ್ಟ ದೇವರು ಅದಕ್ಕೆ ಮಾತು ಕೊಡಲಿಲ್ಲ. ಅವಳ ಒದ್ದೆ ಕೈಯನ್ನು ನೆಕ್ಕಿ ಸುಮ್ಮನಾದೆ.

ಜಯರಾಮ ನನ್ನನ್ನು ಮಾರುವ ಮಾತೆತ್ತಿದಾಗಲೆಲ್ಲ ಅವಳು, "ನನ್ನೂ ಅದರ ಜೊತೆ ಹೊಡ್ಕಂಡೋಗು," ಎನ್ನುತ್ತಿದ್ದಳು. ಹಾಗಾಗಿ ಸಗಣಿಯೊಂದನ್ನು ಬಿಟ್ಟು ಯಾರಿಗೂ ಏನೂ ಕೊಡದ ನಾನು ಇಷ್ಟು ಕಾಲ ಬದುಕಿದೆ.

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಜಯರಾಮ ಗದ್ದೆಗೆ ಹೋಗಿದ್ದಾಗ, ಒಬ್ಬ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ದೇವಸ್ಥಾನದ ಬುಟ್ಟಿ. ಮುಖ ಬಾಡಿತ್ತು.

"ಜಯಶೀಲಕ್ಕ ನೀವೇನಾ?" ಎಂದಳು. "ನಾನು ಸುಚಿತ್ರ. ನಿಮ್ಮನೆಗೆ, ನಿಮ್ಮ ಜಾಗಕ್ಕೆ ಬಂದಿರೋಳು. ದೇವಸ್ಥಾನಕ್ಕೆ ಅಂತ ಹೇಳ್ಬಂದಿವ್ನಿ."

ಜಯಶೀಲ ಬೈಯಲಿಲ್ಲ. ಒಳಗೆ ಕರೆದು ಗೋಡೆಯ ಪಕ್ಕ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಹುಡುಗಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ನಮ್ಮಪ್ಪ ಕೊಟ್ಟ ಹಸ ವರ್ಷ ತಪ್ಪಿದ್ರೂ ಕರಾ ತಪ್ಸಲ್ಲ ಅಕ್ಕ. ಗಿಣ್ಣು ತಿಂದೂ ತಿಂದೂ ನನ್ನ ನಾಲ್ಗೆ ಸತ್ತೋಗದೆ. ಅತ್ತೆ ಅದನ್ನೇ ತೋರ್ಸಿ, ಒಂದು ದನಕ್ಕಿರೋದು ನಿಂಗಿಲ್ವಲ್ಲ ಅಂತಾರೆ." ಅವಳು ಬುಟ್ಟಿಯನ್ನು ಮಡಿಲಿನಿಂದ ಕೆಳಗಿಟ್ಟಳು. "ನಮ್ಮವ್ವಂಗೆ ನಾನೊಬ್ಳೇ ಅಕ್ಕ. ಜೊತೆಗೆ ಯಾರೂ ಹುಟ್ಟಿಲ್ಲ. ಹಿಂದೆ ಮುಂದೆನೂ ಯಾರಿಲ್ಲ. ಮತ್ತೆ ನಂಗ್ಯಾಕೆ ಹಿಂಗೆ?"

ಜಯಶೀಲ ಲೋಟವನ್ನು ಮತ್ತೆ ಅವಳ ಕೈಗಿಟ್ಟಳು. ಆಮೇಲೆ, "ಅವರನ್ನ ಆಸ್ಪತ್ರೆಗೆ ಕರ್ಕಂಡೋಗು," ಎಂದಳು.

"ಕರ್ದೆ ಅಕ್ಕ. ಅಮ್ಮ ಮಗ ಇಬ್ರೂ, ಬೇಕಾದ್ರೆ ತವರಿಗೆ ಹೋಗು ಅಂದ್ರು. ತವರಲ್ಲಿ ಯಾರವ್ರೆ? ಈಗ ಮಳವಳ್ಳಿ ಕಡೆ ಇನ್ನೊಂದು ಹೆಣ್ಣು ನೋಡ್ತಾವ್ರೆ."

ಇಬ್ಬರೂ ಕೈ ಹಿಡಿದುಕೊಂಡು ಕೂತರು. ಬಸ್ಸಿಗೆ ಹೊತ್ತಾಯಿತೆಂದು ಹುಡುಗಿ ಎದ್ದಳು. ಜಯಶೀಲ ಅವಳಿಗೆ ಕುಂಕುಮ ಕೊಟ್ಟು ಬೀದಿಯ ಕೊನೆಯವರೆಗೂ ಹೋಗಿ ಕಳಿಸಿಬಂದಳು.

ಬಂದವಳು ನೆಟ್ಟಗೆ ನನ್ನ ಬಳಿಗೆ ಬಂದಳು. ನನ್ನ ಕೊರಳನ್ನು ಎರಡೂ ಕೈಯಿಂದ ತಬ್ಬಿ, "ನಂದಲ್ಲ ಕನೆ ಹೊನ್ನಿ," ಎಂದಳು. "ತಪ್ಪು ನಂದಲ್ಲ. ಯಾವತ್ತೂ ನಂದಾಗಿರ್ನಿಲ್ಲ." ತವರಿಗೆ ಬಂದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತದ್ದು ಅವತ್ತೇ. ಆ ಮಾತನ್ನು ಕೇಳಬೇಕಾಗಿದ್ದ ಅಪ್ಪ ಮಣ್ಣಿನಲ್ಲಿದ್ದರು. ಗಂಡ ಇನ್ನೊಂದು ಹೆಣ್ಣು ನೋಡುತ್ತಿದ್ದ. ಹಿರಿಯರಿಗೆ ಅವಳ ಹೆಸರೂ ಮರೆತಿತ್ತು. ಕೇಳಿಸಿಕೊಂಡದ್ದು ನಾನೊಬ್ಬಳೇ.

ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಮುದಿ ಮಂಡಿಯ ಮೇಲೆ ಭಾರ ಹಾಕಿ ಎದ್ದೆ. ಕತ್ತು ಚಾಚಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಗೋಡೆಯ ಆಚೆ ಇದ್ದವರಿಗೆಲ್ಲ ಕೇಳಿಸುವ ಹಾಗೆ ಕೂಗಿದೆ. ನನ್ನ ಆಯುಸ್ಸಿನಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ.

ಒಳಗಿನಿಂದ ಜಯರಾಮನ ಹೆಂಡತಿ, "ಅಕ್ಕ, ಮುದಿ ದನಕ್ಕೆ ಬಾಯಾರಿರ್ಬೇಕು, ಒಸಿ ನೀರು ತೋರ್ಸಿ," ಎಂದಳು.